ನಮ್ಮ ರವಿವಾರದ ಪಠ್ಯಕ್ರಮ

ಸರಕಾರಿ ಕಚೇರಿಯ ಗುಮಾಸ್ತನಿಗೆ ಬೇರೇನು ಬಾರದಿದ್ದರೂ ಬರೆಯಲು ಬರುತ್ತದೆಂಬುದು ಲೋಕದ ನಂಬಿಕೆ. ಅದರಲ್ಲೂ ನಾವು ಧಾರವಾಡದಲ್ಲಿ ಬಿ.ಎ. ಮಾಡಿದವರು. ಆದಕಾರಣ ಇಲ್ಲಿ ಪುಣೆಯ ನಮ್ಮ ಸಂಘದಲ್ಲಿ ಆಮಂತ್ರಣ, ವರದಿ, ಸಂತಾಪಸೂಚನೆ ಏನೇ ಬರೆಯಬೇಕಾದರೂ ಲೇಖನಿ ಸುತ್ತಿ ಬಳಸಿ ನಮ್ಮ ಕೈಗೇ ಬಂದು ಸೇರುತ್ತದೆ. ಕಳೆದ ವರ್ಷ ಮೇ ತಿಂಗಳಲ್ಲಿ ಕಾರ್ಯದರ್ಶಿಗಳು ನಮ್ಮನ್ನು ಕರೆದು, “ರವಿವಾರದ ಕನ್ನಡ ವರ್ಗಕ್ಕ ಒಂದು ಪಠ್ಯಕ್ರಮ ಬರದು ಕೊಡ್ರಿ. ಎರಡು ಪುಟ ಆದ್ರ ಸಾಕು” ಎಂದರು. ಎರಡು ಪುಟವೆಂದರೆ ನಮಗೆ ಮಧ್ಯಾಹ್ನದ ಚಹಾದ ಮೊದಲು ಮುಗಿಯುವ ಕೆಲಸ. ಒಪ್ಪಿಕೊಂಡೆವು. ಆ ಎರಡು ಪುಟಗಳು ಇಂದಿಗೂ ಮುಗಿದಿಲ್ಲ.

ಪಠ್ಯಕ್ರಮ ಬೇಕೆಂದು ಸಂಘಕ್ಕೆ ಹೊಳೆದದ್ದಾದರೂ ಪೆಟ್ಟು ತಿಂದ ಮೇಲೆಯೇ. ಅದರ ಹಿಂದಿನ ವರ್ಷ ಜೂನ್ ತಿಂಗಳಲ್ಲಿ ವರ್ಗಕ್ಕೆ ೨೩ ಮಕ್ಕಳು ಸೇರಿದ್ದರು. ದೀಪಾವಳಿಯ ಹೊತ್ತಿಗೆ ಉಳಿದವರು ಆರು ಮಂದಿ. ಬಿಟ್ಟುಹೋದ ಹದಿನೇಳರಲ್ಲಿ ನಮ್ಮ ಮಗಳೂ ಒಬ್ಬಳು. ಆಗ ಅವಳಿಗೆ ಎಂಟು ವರ್ಷ. ಏಕೆ ಬಿಟ್ಟೆ ಎಂದು ಕೇಳಿದರೆ, “ಪಪ್ಪಾ, ಇದೆಲ್ಲಾ ನನಗ ಬರ್ತೈತಿ. ಮರಾಠಿದ ಐತಿ, ಬರೇ ಆಕಾರ ಬ್ಯಾರೆ” ಎಂದಳು. ಸೋಮಾರಿತನಕ್ಕೆ ಹುಡುಕಿದ ನೆಪವೆಂದು ನಾವು ಗದರಿಸಿದೆವು. ಅವಳ ಮಾತಿನಲ್ಲಿ ಎಷ್ಟು ಹುರುಳಿತ್ತೆಂಬುದು ತಿಳಿಯಲು ಒಂದು ವರ್ಷ ಬೇಕಾಯಿತು.

ಈ ಕೆಲಸದಲ್ಲಿ ನಮಗೊಂದು ಸ್ವಂತದ ಗರಜೂ ಇತ್ತು. ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಅವ್ವ ಗದುಗಿನಲ್ಲಿದ್ದಾಳೆ. ಮೊದಲೆಲ್ಲ ಪ್ರತಿ ರವಿವಾರ ಸಂಜೆ ಮೊಮ್ಮಗಳೂ ಅಜ್ಜಿಯೂ ಫೋನಿನಲ್ಲಿ ಅರ್ಧ ತಾಸು ಹರಟುತ್ತಿದ್ದರು. ಎರಡು ವರ್ಷದಿಂದ ಅವ್ವನ ಕಿವಿ ಮಂದವಾಗಿದೆ. ಯಂತ್ರ ತರಿಸಿಕೊಟ್ಟೆವು. “ಕಿವ್ಯಾಗ ಜೀರುಂಡಿ ಕುಂತಂಗ ಆಗತೈತಿ” ಎಂದು ಅದನ್ನು ಡಬ್ಬಿಯಲ್ಲಿ ಹಾಕಿ ಇಟ್ಟಿದ್ದಾಳೆ. ಕಣ್ಣು ಮಾತ್ರ ಚೆನ್ನಾಗಿದೆ. ಕನ್ನಡಕ ಏರಿಸಿ ದಿನಪತ್ರಿಕೆಯನ್ನು ಮೂಲೆಮೂಲೆಯೂ ಬಿಡದೆ ಓದುತ್ತಾಳೆ. ಅಂದರೆ ಅವಳಿಗೆ ಮುಟ್ಟುವುದು ಬರೆದ ಕನ್ನಡವೊಂದೇ. ಮಗಳೋ ಇಂಗ್ಲಿಷ್ ಬರೆಯುತ್ತಾಳೆ, ಮರಾಠಿ ಬರೆಯುತ್ತಾಳೆ, ಹಿಂದಿಯನ್ನೂ ಬರೆಯುತ್ತಾಳೆ. ಕನ್ನಡವನ್ನು ಮಾತ್ರ ಆಡುತ್ತಾಳೆ. ಆದ್ದರಿಂದ ಅವಳು ಹೇಳುವುದು, ನಾವು ಬರೆಯುವುದು. ನಡುವೆ ಗುಮಾಸ್ತನಿದ್ದ ಪತ್ರ ಎಂಥದಾಗುತ್ತದೆಂಬುದನ್ನು ನಮಗಿಂತ ಬಲ್ಲವರಾರು? ಕೆಲವು ತಿಂಗಳಲ್ಲಿ ಅವಳು ಹೇಳುವುದನ್ನೇ ನಿಲ್ಲಿಸಿದಳು. “ನೀವ ಬರೀರಿ ಪಪ್ಪಾ, ನಾ ಆರಾಮ ಅದೀನಿ ಅಂತ.”

ಸಮಿತಿಯಲ್ಲಿ ನಾವು ಐವರು. ಅಕ್ಕಲಕೋಟೆ ತಾಲೂಕಿನ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಮಾಸ್ತರರು, ಮೈಸೂರು ಜಿಲ್ಲೆಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದು ಈಗ ಮಗನ ಮನೆಯಲ್ಲಿರುವ ಟೀಚರಮ್ಮ, ಕಂಪ್ಯೂಟರ್ ಕಂಪನಿಯಲ್ಲಿರುವ ಉಡುಪಿಯ ಕಡೆಯ ತರುಣ, ಹೊಟೇಲು ನಡೆಸುವ ನಮ್ಮ ಖಜಾಂಚಿಗಳು, ಮತ್ತು ನಾವು. ಮೊದಲ ಸಭೆಗೆ ಎಲ್ಲರೂ ಒಂದೊಂದು ಪುಸ್ತಕ ಹಿಡಿದು ಬಂದೆವು. ಮಾಸ್ತರರು ತಂದದ್ದು ಬಾಲಭಾರತಿಯ ಕನ್ನಡ ಪುಸ್ತಕ. ಮಹಾರಾಷ್ಟ್ರದ ಶಾಲಾ ಪುಸ್ತಕಗಳನ್ನು ಸಿದ್ಧಪಡಿಸುವ ಈ ಸಂಸ್ಥೆ ೧೯೬೭ರಲ್ಲಿ ಇದೇ ಪುಣೆಯಲ್ಲಿ ಹುಟ್ಟಿತು. ಜತ್ತ, ಅಕ್ಕಲಕೋಟೆಗಳ ಕಡೆ ಇರುವ ಕನ್ನಡ ಶಾಲೆಗಳಿಗಾಗಿ ಕನ್ನಡದಲ್ಲೂ ಪುಸ್ತಕ ಅಚ್ಚು ಹಾಕಿಸುತ್ತದೆ. ನಾವು ತಂದದ್ದು ಕರ್ನಾಟಕದ ಒಂದನೆಯ ಇಯತ್ತೆಯ ಪುಸ್ತಕ. ಈ ಎರಡರಲ್ಲಿ ಒಂದನ್ನು ಆರಿಸಿ, ಪಾಠಗಳ ಹೆಸರನ್ನು ಸಾಲಾಗಿ ಬರೆದರೆ ಪಠ್ಯಕ್ರಮವಾಯಿತೆಂಬುದು ನಮ್ಮೆಲ್ಲರ ಭಾವನೆ.

ಟೀಚರಮ್ಮ ಬರಿಗೈಯಲ್ಲಿ ಬಂದಿದ್ದರು. “ಪುಸ್ತಕ ಆಮೇಲೆ ನೋಡೋಣ ಸಾರ್. ನಮ್ಮ ಮಕ್ಕಳಿಗೆ ಈಗಾಗ್ಲೇ ಏನು ಬರುತ್ತೆ, ಅದನ್ನ ಮೊದಲು ಹೇಳಿ” ಎಂದರು.

ಯಾರೂ ಹೇಳಲಿಲ್ಲ. ಹೇಳಲು ಯಾರಿಗೂ ಗೊತ್ತಿರಲಿಲ್ಲ.

ಮುಂದಿನ ಎರಡು ರವಿವಾರ ಆಕೆ ಹೊಸದಾಗಿ ಹೆಸರು ಕೊಟ್ಟ ೧೪ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಕೂರಿಸಿಕೊಂಡು ಮಾತಾಡಿಸಿದರು. ನಾವು ಪಕ್ಕದಲ್ಲಿ ಕುಳಿತು ದಾಖಲೆ ಬರೆದೆವು. ಹದಿನಾಲ್ವರಿಗೂ ಕನ್ನಡ ತಿಳಿಯುತ್ತದೆ. ಒಂಬತ್ತು ಮಂದಿ ತಡೆಯಿಲ್ಲದೆ ಆಡುತ್ತಾರೆ; ಉಳಿದವರು ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುತ್ತಾರೆ. ಮುಖ್ಯವಾದ ಸಂಗತಿಯೆಂದರೆ, ಎಲ್ಲರೂ ದೇವನಾಗರಿಯನ್ನು ಸಲೀಸಾಗಿ ಓದುತ್ತಾರೆ. ೨೦೨೦ರಲ್ಲಿ ಕಾನೂನು ಬಂದ ಮೇಲೆ ಈ ರಾಜ್ಯದ ಶಾಲೆಗಳಲ್ಲಿ ಮರಾಠಿ ಕಡ್ಡಾಯವಷ್ಟೆ. ಕ ಆದ ಮೇಲೆ ಖ, ಅದರ ಮೇಲೆ ಗ ಎಂಬ ಸಾಲು ಅವರಿಗೆ ಬಾಯಿಪಾಠ. ಕಾಗುಣಿತವನ್ನು ಅವರು ಬಾರಾಖಡಿ ಎನ್ನುತ್ತಾರೆ, ಅಷ್ಟೇ. ಇಂಥ ಮಕ್ಕಳಿಗೆ ನಾವು ಹಿಂದಿನ ವರ್ಷ ನಾಲ್ಕು ತಿಂಗಳು ‘ಅ ಆ ಇ ಈ’ ಹೇಳಿಸಿದ್ದೆವು. ಮಗಳು ಹೇಳಿದ್ದು ಆಗ ನಮ್ಮ ನೆನಪಿಗೆ ಬಂತು. ದಾಖಲೆಯ ಪುಸ್ತಕದಲ್ಲಿ ಮುಖ ಹುದುಗಿಸಿದೆವು.

ಗುಮಾಸ್ತನ ಸ್ವಭಾವ ನೋಡಿ, ಯಾವುದಕ್ಕೂ ಒಂದು ಪೂರ್ವನಿದರ್ಶನ ಬೇಕು. ಗ್ರಂಥಾಲಯಕ್ಕೆ ಹೋಗಿ ಹುಡುಕಿದೆವು. ಅಮೆರಿಕದ ಚಿಕಾಗೋ ವಿಶ್ವವಿದ್ಯಾಲಯದಲ್ಲಿ ರಾಲ್ಫ್ ಟೈಲರ್ ಎಂಬ ಪ್ರಾಧ್ಯಾಪಕರಿದ್ದರು. ಅವರು ೧೯೪೯ರಲ್ಲಿ ಪಠ್ಯಕ್ರಮದ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದರು. ಅದರ ಸಾರವೆಲ್ಲ ನಾಲ್ಕು ಪ್ರಶ್ನೆಗಳಲ್ಲಿದೆ. ಶಾಲೆ ಸಾಧಿಸಬೇಕಾದ ಉದ್ದೇಶವೇನು? ಅದಕ್ಕಾಗಿ ಮಕ್ಕಳಿಗೆ ಎಂಥ ಅನುಭವ ಒದಗಿಸಬೇಕು? ಅವನ್ನು ಯಾವ ಅನುಕ್ರಮದಲ್ಲಿ ಜೋಡಿಸಬೇಕು? ಉದ್ದೇಶ ಈಡೇರಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಓದಿ ನಾವು ಬೆರಗಾದೆವು. ಇದರಲ್ಲಿ ಬೆರಗಾಗುವಂಥದೇನಿದೆ ಎಂದು ಮನೆಗೆ ಬರುವ ದಾರಿಯಲ್ಲಿ ಇನ್ನೊಮ್ಮೆ ಬೆರಗಾದೆವು. ಆದರೆ ನಾವು ಐವರು ವಿದ್ಯಾವಂತರು ಆ ನಾಲ್ಕರಲ್ಲಿ ಒಂದನ್ನೂ ಕೇಳಿಕೊಂಡಿರಲಿಲ್ಲವೆಂಬುದು ಸತ್ಯ. ಹಿಲ್ಡಾ ಟಾಬಾ ಎಂಬಾಕೆಯ ಪುಸ್ತಕವೂ ಸಿಕ್ಕಿತು, ಅದು ೧೯೬೨ರದು. ಪಠ್ಯಕ್ರಮ ಮೇಲಿನಿಂದ ಇಳಿದು ಬರಬಾರದು, ಶಿಕ್ಷಕರು ತಮ್ಮ ವರ್ಗದಲ್ಲಿ ಚಿಕ್ಕಚಿಕ್ಕ ಘಟಕ ಮಾಡಿ ಪರೀಕ್ಷಿಸಿ ಮೇಲಕ್ಕೆ ಕಟ್ಟಿಕೊಂಡು ಹೋಗಬೇಕು ಎಂದು ಅವರ ವಾದ. ನಮ್ಮ ಕಚೇರಿಯಲ್ಲಿ ಕಡತಗಳು ಕೆಳಗಿನಿಂದ ಮೇಲಕ್ಕೆ ಹೋಗುವುದೇನೋ ಉಂಟು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ನಮ್ಮ ದೇಶದಲ್ಲಿ ಈ ಕೆಲಸ ನಡೆಯುವ ಬಗೆ ದೊಡ್ಡದು. ಮೊದಲು ರಾಷ್ಟ್ರೀಯ ಚೌಕಟ್ಟು, ಅದರ ಅಡಿಯಲ್ಲಿ ರಾಜ್ಯದ ಪಠ್ಯಕ್ರಮ, ಅದರ ಮೇಲೆ ಪುಸ್ತಕ. ೨೦೦೫ರ ಚೌಕಟ್ಟನ್ನು ವಿಜ್ಞಾನಿ ಯಶ್ ಪಾಲ್ ಅವರ ನೇತೃತ್ವದಲ್ಲಿ ರಚಿಸುವಾಗ ಒಂದೊಂದು ವಿಷಯಕ್ಕೆ ಒಂದರಂತೆ ೨೧ ತಂಡಗಳು ಕೂತಿದ್ದವು. ಶಾಲಾ ಶಿಕ್ಷಣಕ್ಕೆ ಈಚಿನ ಚೌಕಟ್ಟು ೨೦೨೩ರದು. ಇದೇ ಯಶ್ ಪಾಲ್ ಸಮಿತಿ ೧೯೯೩ರಲ್ಲಿ ಮಕ್ಕಳ ಮೇಲಿನ ಹೊರೆಯ ಬಗ್ಗೆ ವರದಿ ಕೊಟ್ಟಿತ್ತು. ಅದಕ್ಕೂ ಮೊದಲು ರಾಜ್ಯಸಭೆಯಲ್ಲಿ ಎದ್ದುನಿಂತು ಮಕ್ಕಳ ಪಾಟೀಚೀಲದ ಭಾರದ ಬಗ್ಗೆ ಮರುಗಿ ಮಾತಾಡಿದವರು ನಮ್ಮ ಮೈಸೂರಿನ ಆರ್. ಕೆ. ನಾರಾಯಣರು. ಕತೆಗಾರರು ಶಾಸನಸಭೆಗೆ ಹೋದರೆ ಇಷ್ಟಾದರೂ ಆಗುತ್ತದೆ.

ಮುಂದಿನ ಸಭೆಯಲ್ಲಿ ಟೈಲರರ ಮೊದಲ ಪ್ರಶ್ನೆಯನ್ನು ನಾವು ಗಂಭೀರವಾಗಿ ಮಂಡಿಸಿದೆವು. ಉದ್ದೇಶವೇನು? ಮಾಸ್ತರರು ವರ್ಷದ ಕೊನೆಗೆ ಕುಮಾರವ್ಯಾಸನ ಒಂದು ಷಟ್ಪದಿಯಾದರೂ ಬರಬೇಕೆಂದರು. ಮುಂಬಯಿ ಪ್ರಾಂತದಲ್ಲಿ ಮರಾಠಿ ಶಾಲೆಗಳ ನಡುವೆ ಕನ್ನಡ ಶಾಲೆಗಳನ್ನು ಬೆಳೆಸಿದ ಡೆಪ್ಯುಟಿ ಚನ್ನಬಸಪ್ಪನವರನ್ನು ನೆನೆದು ಅವರ ಕಣ್ಣು ಒದ್ದೆಯಾಯಿತು. ತರುಣರು, “ಎಲ್ಲ ಮೊಬೈಲಿನಲ್ಲಿ ಆಗ್ತದೆ ಮಾರಾಯ್ರೆ, ಒಂದು ಆ್ಯಪ್ ಮಾಡುವಾ” ಎಂದರು. ಖಜಾಂಚಿಗಳು ಖರ್ಚು ಕೇಳಿದರು. ನಾವು ನಮ್ಮ ಅವ್ವನ ವಿಷಯ ಹೇಳಬೇಕೋ ಬೇಡವೋ ಎಂದು ತಡವರಿಸಿ, ಕೊನೆಗೆ ಹೇಳಿಬಿಟ್ಟೆವು. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆ ಕೋಣೆಯಲ್ಲಿದ್ದ ಪ್ರತಿಯೊಬ್ಬರಿಗೂ ಊರಿನಲ್ಲಿ ಕನ್ನಡ ಮಾತ್ರ ಓದಬಲ್ಲ ಯಾರಾದರೊಬ್ಬರು ಇದ್ದರು. ಟೀಚರಮ್ಮ ಕಾಗದದ ಮೇಲೆ ಒಂದೇ ವಾಕ್ಯ ಬರೆದರು: ವರ್ಷ ಮುಗಿಯುವುದರೊಳಗೆ ಪ್ರತಿ ಮಗುವೂ ಊರಿಗೆ ತಾನೇ ಹತ್ತು ಸಾಲು ಬರೆಯಬೇಕು, ಬಂದ ಉತ್ತರವನ್ನು ತಾನೇ ಓದಬೇಕು. ಷಟ್ಪದಿ ಬಿದ್ದುಹೋಯಿತು. ಮಾಸ್ತರರು ಎರಡು ವಾರ ನಮ್ಮೊಡನೆ ಸರಿಯಾಗಿ ಮಾತಾಡಲಿಲ್ಲ. ಅವರ ನೋವು ಸುಳ್ಳಲ್ಲ. ಬಿಟ್ಟದ್ದು ಸಣ್ಣದೆಂದು ನಾವೂ ಹೇಳಲಾರೆವು.

ಸಮಯದ ಲೆಕ್ಕ ನಮ್ಮ ಪಾಲಿಗೆ ಬಂತು. ವರ್ಷಕ್ಕೆ ೫೨ ರವಿವಾರ. ಬೇಸಿಗೆಯ ರಜೆ, ಊರಿನ ಪ್ರಯಾಣ ೯; ಶಾಲೆಯ ಪರೀಕ್ಷೆ ೫; ಗಣಪತಿ, ದಸರೆ, ದೀಪಾವಳಿ ಸೇರಿ ೫; ಸಭಾಗೃಹವನ್ನು ಮದುವೆ, ತೊಟ್ಟಿಲುಗಳಿಗೆ ಬಾಡಿಗೆ ಕೊಡುವುದು ೩; ರಾಜ್ಯೋತ್ಸವದ ತಾಲೀಮು ೨. ಕಳೆದರೆ ಉಳಿದದ್ದು ೨೮. ಒಂದೂವರೆ ತಾಸಿನಂತೆ ೪೨ ತಾಸು. ೩೪ ವ್ಯಂಜನಗಳಿಗೆ ಹದಿನೈದರಂತೆ ಕಾಗುಣಿತದ ಆಕಾರಗಳೇ ೫೧೦. ಒಂದಕ್ಕೆ ಐದು ನಿಮಿಷವೂ ಬರುವುದಿಲ್ಲ. ಒತ್ತಕ್ಷರ ಬೇರೆ. ಲೆಕ್ಕ ನೋಡಿ ಸಮಿತಿ ಮಂಕಾಯಿತು. ಆದರೂ ಎದೆಗುಂದದೆ ನಾವು ಒಂದು ಕರಡು ಬರೆದೆವು: ಮೊದಲ ಎಂಟು ವಾರ ವರ್ಣಮಾಲೆ, ೯ರಿಂದ ೨೨ರ ವರೆಗೆ ಕಾಗುಣಿತ, ೨೩ರಿಂದ ಒತ್ತಕ್ಷರ. ಅಚ್ಚುಕಟ್ಟಾದ ಕರಡು. ಕಚೇರಿಯಲ್ಲಾಗಿದ್ದರೆ ಮೇಲಧಿಕಾರಿಗಳು ಒಂದೇ ಏಟಿಗೆ ರುಜು ಹಾಕುತ್ತಿದ್ದರು.

ಅದನ್ನು ಕೆಡಿಸಿದವರು ನಮ್ಮಾಕೆ. ಊಟದ ಹೊತ್ತಿನಲ್ಲಿ ಹಾಳೆಯನ್ನು ತಿರುವಿ ನೋಡಿ, “ಇದರಾಗ ‘ಅಜ್ಜಿ’ ಅಂತ ಬರಿಯೂದು ಎಂದ ಬರ್ತೈತ್ರಿ?” ಎಂದು ಕೇಳಿದರು.

ನಾವು ಬೆರಳಿಟ್ಟು ನೋಡಿದೆವು. ೨೩ನೆಯ ರವಿವಾರ. ಎಂದರೆ ಫೆಬ್ರವರಿ.

ಆ ರಾತ್ರಿ ನಾವಿಬ್ಬರೂ ಕುಳಿತು ಪಟ್ಟಿ ಮಾಡಿದೆವು. ಅಪ್ಪ, ಅಮ್ಮ, ಅವ್ವ, ಅಜ್ಜ, ಅಜ್ಜಿ, ಅಣ್ಣ, ಅಕ್ಕ, ತಮ್ಮ, ಅತ್ತೆ, ಚಿಕ್ಕಪ್ಪ, ದೊಡ್ಡಮ್ಮ. ಕನ್ನಡದಲ್ಲಿ ಮನೆಯವರೆಲ್ಲ ಒತ್ತಕ್ಷರದಲ್ಲಿಯೇ ವಾಸವಾಗಿದ್ದಾರೆ! ನಮ್ಮ ಕರಡಿನಂತೆ ನಡೆದರೆ ಮಗು ಮೊದಲು ಬರೆಯಬಹುದಾದದ್ದು ಕಾಕಾ ಮತ್ತು ಮಾಮಾ. ಅವರಿಬ್ಬರಿಗೂ ಅದು ಮರಾಠಿಯಲ್ಲಿ ಆಗಲೇ ಬರೆದಾಗಿದೆ. ಹಳ್ಳಿ, ಹಬ್ಬ, ಬೆಲ್ಲ, ಅನ್ನ, ರೊಟ್ಟಿ ಎಲ್ಲವೂ ಫೆಬ್ರವರಿಯ ಆಚೆಗೇ. ತಲೆಮಾರುಗಳಿಂದ ಒತ್ತಕ್ಷರ ಕೊನೆಗೆ ಬಂದಿದೆ. ಹಗಲೆಲ್ಲ ಕನ್ನಡದಲ್ಲೇ ಇರುವ ಊರಿನ ಮಗುವಿಗೆ ಅವಸರವಿಲ್ಲ. ವಾರಕ್ಕೆ ಒಂದೂವರೆ ತಾಸಿನ ನಮ್ಮ ಮಕ್ಕಳ ಮಾತು ಬೇರೆ.

“ಒತ್ತಕ್ಷರ ಕೊನಿಗೇ ಬರಬೇಕು. ಅದು ಪದ್ಧತಿ” ಎಂದು ಮಾಸ್ತರರು ಪಟ್ಟು ಹಿಡಿದರು. ಆಗ ಟೀಚರಮ್ಮ ನಲಿ-ಕಲಿಯ ಕಥೆ ತೆಗೆದರು. ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ೧೯೯೫ರಲ್ಲಿ ಅದು ಆರಂಭವಾದದ್ದು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿಬಂದು ಕಟ್ಟಿದ ಪದ್ಧತಿ. ಪುಸ್ತಕದ ಬದಲು ಕಾರ್ಡುಗಳು. ಗೋಡೆಯ ಮೇಲೆ ಒಂದು ಕಲಿಕೆಯ ಏಣಿ; ಪ್ರತಿ ಮಗುವೂ ತನ್ನ ಮೆಟ್ಟಿಲನ್ನು ತಾನೇ ಹುಡುಕಿ ಹತ್ತಬೇಕು. ಒಂದು ವಾರ ಹೊಲದ ಕೆಲಸಕ್ಕೋ ಜ್ವರಕ್ಕೋ ತಪ್ಪಿಸಿಕೊಂಡ ಮಗು ಬಂದು ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಪಾಠ ಅದನ್ನು ಬಿಟ್ಟು ಓಡುವುದಿಲ್ಲ. ೨೦೦೯ರ ಹೊತ್ತಿಗೆ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಮೊದಲ ಎರಡು ತರಗತಿಗಳಿಗೆ ಹರಡಿತು. ಅಲ್ಲಿ ಅಕ್ಷರ ಆರಂಭವಾಗುವುದು ‘ಅ ಆ’ದಿಂದಲ್ಲ, ರ, ಗ, ಸ, ದ, ಅ ಎಂಬ ಐದರಿಂದ. ಬರೆಯಲು ಸುಲಭ, ಕೂಡಿಸಿದರೆ ಕೂಡಲೇ ಅರ ಆಗುತ್ತದೆ, ಸರ ಆಗುತ್ತದೆ, ಗರಗಸವೂ ಆಗುತ್ತದೆ. “ಮಾಲೆಯ ಅನುಕ್ರಮ ಪಂಡಿತರದು ಸಾರ್, ಕಲಿಯೋ ಅನುಕ್ರಮ ಮಗೂದು” ಎಂದರು. ಆದರೆ ನಮಗೂ ಒಂದು ಎಚ್ಚರಿಕೆ ಕೊಟ್ಟರು. ‘ಅಜ್ಜಿ’ಯನ್ನು ಇಡಿಯಾಗಿ ಕಲಿಸಿದರೆ ಮಗು ಅದನ್ನು ಓದುವುದಿಲ್ಲ, ಚಿತ್ರದಂತೆ ಗುರುತು ಹಿಡಿಯುತ್ತದೆ, ಅಷ್ಟೇ.

ಹೀಗೆ ಹೊಸ ಅನುಕ್ರಮ ಹುಟ್ಟಿತು. ಅಕ್ಷರಗಳನ್ನೆಲ್ಲ ದೇವನಾಗರಿಯ ಜೊತೆಗಿಟ್ಟು ಐದೇ ವಾರದಲ್ಲಿ ಗುರುತು ಮಾಡಿಸುವುದು. ತಾಸು ಖರ್ಚು ಮಾಡುವುದು ವ್ಯತ್ಯಾಸವಿರುವ ಕಡೆ ಮಾತ್ರ. ಮರಾಠಿಯಲ್ಲಿ ಹ್ರಸ್ವ ಎ, ಹ್ರಸ್ವ ಒ ಇಲ್ಲ. ಆದ್ದರಿಂದ ನಮ್ಮ ಮಕ್ಕಳ ಕೈಯಲ್ಲಿ ಒಲೆಯೂ ಓಲೆಯೂ ಒಂದೇ. ದೇವನಾಗರಿಯ ಕೂಡಕ್ಷರದಲ್ಲಿ ಅರ್ಧ ಅಕ್ಷರ ಸಾಮಾನ್ಯವಾಗಿ ಎಡಕ್ಕೆ ನಿಲ್ಲುತ್ತದೆ. ನಮ್ಮ ಒತ್ತು ಕೆಳಗೆ ಇಳಿಯುತ್ತದೆ. ಅರ್ಕಾವೊತ್ತು ಅಲ್ಲಿ ತಲೆಯ ಮೇಲೆ, ಇಲ್ಲಿ ಪಕ್ಕದಲ್ಲಿ. ಳಕಾರಕ್ಕೆ ಮಾತ್ರ ಕಷ್ಟವಿಲ್ಲ, ಮರಾಠಿಯಲ್ಲಿ ಅದುಂಟು. ದಿಲ್ಲಿಯ ಬಂಧುಗಳಿಗೆ ಈ ಅನುಕೂಲವಿಲ್ಲ, ಹಿಂದಿಯವರಿಗೆ ಳ ಇಲ್ಲ. ಚೆನ್ನೈಯ ಮಕ್ಕಳಿಗೆ ತಮಿಳಿನಿಂದ ಎ-ಏ, ಒ-ಓ ಗೊತ್ತಿರುತ್ತದೆ, ಆದರೆ ಕ ಖ ಗ ಘ ನಾಲ್ಕಕ್ಕೂ ಅಲ್ಲಿ ಒಂದೇ ಅಕ್ಷರ. ಹೈದರಾಬಾದಿನಲ್ಲಿ ತೆಲುಗು ಓದುವ ಮಗುವಿಗೆ ನಮ್ಮ ಲಿಪಿ ಅರ್ಧ ಓದಿದಂತೆಯೇ. ಆದ್ದರಿಂದ ನಮ್ಮ ಎರಡು ಪುಟಗಳನ್ನು ಕಳಿಸಿರೆಂದು ಆ ಊರುಗಳಿಂದ ಕೇಳಿದ ಮಿತ್ರರಿಗೆ ನಾವು ಸಂಕೋಚದಿಂದಲೇ ಕಳಿಸಿದ್ದೇವೆ.

ಒತ್ತಕ್ಷರ ಆರನೆಯ ವಾರಕ್ಕೆ ಬಂತು. ಅಲ್ಲೊಂದು ಜಗಳ ಕಾದಿತ್ತು. ಮೊದಲ ಪದ ಅವ್ವನೋ ಅಮ್ಮನೋ? ಮೈಸೂರಿನ ಕಡೆಯವರೂ ಕರಾವಳಿಯವರೂ ಒಂದು ಕಡೆ, ನಾವು ಧಾರವಾಡ-ಬಿಜಾಪುರದವರು ಒಂದು ಕಡೆ. ತೀರ್ಪು ಕೊಟ್ಟದ್ದು ಲಿಪಿಯೇ. ತ, ನ, ಮ, ಯ, ರ, ಲ ಈ ಆರರ ಒತ್ತುಗಳು ಮೂಲ ಅಕ್ಷರವನ್ನು ಹೋಲುವುದಿಲ್ಲ, ಬೇರೆಯಾಗಿಯೇ ಕಲಿಯಬೇಕು. ಉಳಿದ ಬಹುಪಾಲು ತಲೆಕಟ್ಟು ಕಳಚಿಟ್ಟು ಕೆಳಗೆ ಕುಳಿತ ಅದೇ ಅಕ್ಷರಗಳು. ಎಂದ ಮೇಲೆ ಅವ್ವ ಸುಲಭ, ಅಮ್ಮ ಕಷ್ಟ. ಅವ್ವ, ಅಪ್ಪ, ಅಜ್ಜಿ, ಅಕ್ಕ, ಅಣ್ಣ ಮೊದಲು; ಅಮ್ಮ, ತಮ್ಮ, ಅತ್ತೆ ಮರುವಾರ. “ಲಿಪೀನೇ ನಿಮ್ಮ ಕಡೆ ಸೇರಿಕೊಂಡಿದೆ ಬಿಡಿ ಸಾರ್” ಎಂದು ಟೀಚರಮ್ಮ ನಕ್ಕರು.

ವರ್ಗ ಜೂನ್ ಕೊನೆಯಲ್ಲಿ ಆರಂಭವಾಯಿತು. ಎಂಟನೆಯ ವಾರ ಮಕ್ಕಳನ್ನು ಸ್ವಾರಗೇಟಿನ ಬಸ್ ನಿಲ್ದಾಣಕ್ಕೆ ಕರೆದೊಯ್ದೆವು. ಕರ್ನಾಟಕದ ಬಸ್ಸುಗಳು ಅಲ್ಲಿ ಬಂದು ನಿಲ್ಲುತ್ತವಲ್ಲ. ಹುಬ್ಬಳ್ಳಿಯ ಫಲಕದಲ್ಲಿ ಎರಡೆರಡು ಒತ್ತು ಕಂಡು ಮಕ್ಕಳು ಕೂಗಿದ ಕೂಗಿಗೆ ನಿದ್ದೆಯಲ್ಲಿದ್ದ ಚಾಲಕರು ಎದ್ದು ಕುಳಿತರು. ನಾವು ಗೆದ್ದೆವೆಂದುಕೊಂಡೆವು. ಅದೇ ದಿನ ಖಜಾಂಚಿಗಳ ಹೊಟೇಲಿನಲ್ಲಿ ಕನ್ನಡದ ತಿಂಡಿಪಟ್ಟಿ ಓದಲು ಕೊಟ್ಟರೆ, ‘ಅಜ್ಜಿ’ಯನ್ನು ಕಣ್ಣು ಮುಚ್ಚಿ ಬರೆಯುವ ಹುಡುಗನಿಗೆ ‘ಬಜ್ಜಿ’ ಓದಲು ಬರಲಿಲ್ಲ! ಟೀಚರಮ್ಮ ನಮ್ಮ ಕಡೆ ನೋಡಿದರು, ಏನೂ ಅನ್ನಲಿಲ್ಲ. ಮರುವಾರವೇ ಪಠ್ಯಕ್ರಮ ತಿದ್ದಿದೆವು. ಒಂದು ಪದ ಬಂದರೆ ಅದರ ಬಳಗವೂ ಬರಬೇಕು: ಅಜ್ಜಿ, ಬಜ್ಜಿ, ಗೆಜ್ಜೆ, ಹೆಜ್ಜೆ. ಆ ದಿನದಿಂದ ಖಜಾಂಚಿಗಳು ಹನ್ನೊಂದು ಗಂಟೆಗೆ ಮಕ್ಕಳಿಗೆ ಇಡ್ಲಿ ಕಳಿಸತೊಡಗಿದರು. ಹಾಜರಿ ಏರಿತು. ಏರಿದ್ದು ಅನುಕ್ರಮದಿಂದಲೋ ಇಡ್ಲಿಯಿಂದಲೋ ಎಂಬುದನ್ನು ಬೇರ್ಪಡಿಸುವ ಉಪಾಯ ಟೈಲರರ ನಾಲ್ಕನೆಯ ಪ್ರಶ್ನೆಯಲ್ಲೂ ನಮಗೆ ಕಾಣಲಿಲ್ಲ.

ಪರೀಕ್ಷೆ ಇಡಲಿಲ್ಲ. ೧೬ನೆಯ ರವಿವಾರ ಪ್ರತಿ ಮಗುವಿಗೂ ಒಂದೊಂದು ಅಂಚೆ ಕಾರ್ಡು ಕೊಟ್ಟೆವು. ಹನ್ನೊಂದು ಮಕ್ಕಳು ಬರೆದರು. ತಿದ್ದಕೂಡದೆಂಬುದು ಟೀಚರಮ್ಮನ ಆಜ್ಞೆ. ನಮ್ಮ ಮಗಳ ಕಾರ್ಡಿನ ಕೊನೆಯ ಸಾಲು, ‘ಅಜ್ಜಿ ಬರುವಾಗ ಶೆಂಗಾ ಉಂಡಿ ಕೋಡು’ ಎಂದಿತ್ತು. ಎರಡು ತಪ್ಪು. ನಮ್ಮ ಕೈ ತುರಿಸಿತು. ಹಾಗೆಯೇ ಡಬ್ಬಿಗೆ ಹಾಕಿದೆವು.

ಏಳು ಮಕ್ಕಳಿಗೆ ಉತ್ತರ ಬಂದಿವೆ. ಅವ್ವನ ಉತ್ತರ ಹದಿಮೂರನೆಯ ದಿನ ಬಂತು. ಇನ್‌ಲ್ಯಾಂಡ್ ಪತ್ರ, ತುಂಬ ಒತ್ತಾಗಿ ಬರೆದದ್ದು, ಮೇಲೆ ಮೊಮ್ಮಗಳದೇ ಹೆಸರು. ಮಗಳು ಅದನ್ನು ಹಿಡಿದು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಬಹಳ ಹೊತ್ತಾಯಿತು. ನಮ್ಮಾಕೆ ಎರಡು ಸಲ ಆ ಕಡೆ ಹೋಗಿ ಬಂದರು. ಕಡೆಗೆ ಮಗಳೇ ಹೊರಗೆ ಬಂದಳು. ಪತ್ರವನ್ನು ಅಂಗೈಯಿಂದ ಮುಚ್ಚಿ, ಎರಡು ಬೆರಳ ನಡುವೆ ಒಂದೇ ಪದ ಕಾಣುವಂತೆ ಹಿಡಿದು, “ಪಪ್ಪಾ, ಇದೊಂದ ಬರವಲ್ದು” ಎಂದಳು.

ಆ ಪದ ‘ಆಸ್ಪತ್ರೆ’. ಸಕಾರಕ್ಕೆ ಪಕಾರದ ಒತ್ತು, ತಕಾರಕ್ಕೆ ರಕಾರದ ಒತ್ತು. ವಿಜಾತೀಯ ಒತ್ತಕ್ಷರಗಳನ್ನು ನಾವು ಸಮಯವಿಲ್ಲವೆಂದು ಮುಂದಿನ ವರ್ಷಕ್ಕೆ ತಳ್ಳಿದ್ದೆವು. ಓದಿ ಹೇಳಿದೆವು. ಅವಳ ಮುಖ ಸಣ್ಣದಾಯಿತು. ಒಳಗೆ ಹೋಗಿ ಮುಂದಿನ ಸಾಲನ್ನು ಗಟ್ಟಿಯಾಗಿ ಓದಿ, ಮತ್ತೆ ಬಂದು, “ಕಿವಿ ತೋರಸಾಕ ಹೋಗಿದ್ಲಂತ. ಮತ್ತೇನಿಲ್ಲಂತ” ಎಂದಳು. ಉಳಿದ ಪತ್ರದಲ್ಲಿ ಏನಿದೆಯೆಂದು ನಮಗೆ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಬರುವ ರವಿವಾರ ಸಮಿತಿಯ ಸಭೆಯಿದೆ. ಕಾರ್ಯಸೂಚಿ ಬರೆಯುವ ಕೆಲಸ ಎಂದ ಮೇಲೆ ನಮ್ಮದೇ ಅಷ್ಟೆ. ಮೊದಲನೆಯ ಬಾಬು ಕಾರ್ಡುಗಳಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿದ ಬಿಲ್ಲು. ಅದನ್ನು ಖಜಾಂಚಿಗಳು ಮೂರು ತಿಂಗಳಿಂದ ಹಿಡಿದಿಟ್ಟುಕೊಂಡಿದ್ದಾರೆ. ಅದನ್ನು ಎರಡನೆಯದಕ್ಕೆ ಇಳಿಸಿ, ಮೇಲೆ ‘ವಿಜಾತೀಯ ಒತ್ತಕ್ಷರ: ಈ ವರ್ಷವೇ?’ ಎಂದು ಬರೆದಿದ್ದೇವೆ.